ನಡುವೆ ಬಾಗಿದ ಗೆರೆ

ಮೂವತ್ತಾರು ವರ್ಷ ನಕ್ಷೆ ಕಚೇರಿಯಲ್ಲಿ ಕೂತು ಗೆರೆ ಎಳೆದ ಮನುಷ್ಯನಿಗೆ ನಿವೃತ್ತಿಯಾದ ಮೇಲೆ ಎಳೆಯಲು ಗೆರೆಯೇ ಸಿಗದಿದ್ದರೆ ಏನು ಮಾಡುತ್ತಾನೆ? ಮನೆಯ ಬಾಗಿಲು ಕಿಟಕಿಗಳ ತಪ್ಪು ಹುಡುಕುತ್ತಾನೆ. ಇವರೂ ಅದನ್ನೇ ಮಾಡುತ್ತಿದ್ದರು. ಕಚೇರಿಯ ಕಿರಿಯರು ಬೆನ್ನ ಹಿಂದೆ ಇವರಿಗೆ ನೆಟ್ಟಗಿಲ್ಲಪ್ಪ ಎಂದು ಹೆಸರಿಟ್ಟಿದ್ದರು. ಯಾರು ನಕ್ಷೆ ತಂದು ಮುಂದಿಟ್ಟರೂ ಹಾಳೆಯನ್ನು ಮೂಗಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ಗೆರೆಯ ಗುಂಟ ನೋಡಿ, "ನೆಟ್ಟಗಿಲ್ಲಪ್ಪ" ಎಂದು ವಾಪಸು ತಳ್ಳುವುದು ಇವರ ರೂಢಿ. ಅಡ್ಡಹೆಸರು ಇವರ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಳ್ಳುವ ಬದಲು ಒಳಗೊಳಗೇ ಬೀಗಿದ್ದರು. ಕಣ್ಣು ಇದ್ದವನಿಗೆ ತಾನೇ ಅಂಥ ಹೆಸರು ಬರುವುದು, ಕುರುಡರಿಗೆ ಬರುತ್ತದೆಯೇ ಎನ್ನುವುದು ಅವರ ಲೆಕ್ಕ.

ಎಡಗಣ್ಣು ಮುಚ್ಚುವ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ಏನನ್ನಾದರೂ ದಿಟ್ಟಿಸಿ ನೋಡಬೇಕೆಂದರೆ ಆ ರೆಪ್ಪೆ ತಾನಾಗಿಯೇ ಇಳಿದುಬಿಡುತ್ತಿತ್ತು. ಗೋಡೆಯ ಕ್ಯಾಲೆಂಡರಾಗಲಿ, ಮಡಚಿಟ್ಟ ಟವೆಲಾಗಲಿ, ಎದುರಿಗೆ ಕೂತ ಮನುಷ್ಯನಾಗಲಿ, ಎಲ್ಲಕ್ಕೂ ಒಂದೇ ಕಣ್ಣಿನ ತೀರ್ಪು. ಮುಚ್ಚಿದ್ದೇನೆ ಎಂಬುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಈಚೆಗೆ ಎರಡು ತಿಂಗಳಿಂದ ಮುಂಬಾಗಿಲಿನ ಚೌಕಟ್ಟು ನಡುವೆ ಬಾಗಿದೆ ಎಂಬ ರಗಳೆ ಶುರುವಾಗಿತ್ತು. ಬಡಗಿ ಬಂದ, ಮಟ್ಟ ನೋಡುವ ಸಾಧನ ಇಟ್ಟು, ಗುಳ್ಳೆ ಸರಿಯಾಗಿ ಮಧ್ಯದಲ್ಲಿ ನಿಂತಿದ್ದನ್ನು ತೋರಿಸಿದ. "ಮೊದಲು ಹೋಗಿ ನಿನ್ನ ಮಟ್ಟ ರಿಪೇರಿ ಮಾಡಿಸ್ಕೊಂಡು ಬಾ" ಎಂದು ಅವನನ್ನು ಸಾಗಹಾಕಿದರು. ಹೆಂಡತಿ ತಲೆ ಚಚ್ಚಿಕೊಂಡು ಒಳಗೆ ಹೋದಳು. ಆಗಲೇ ಮಗಳು ಹೇಳಿದ್ದು, "ಅಪ್ಪ, ನಿಮಗೊಂದು ಕಂಪ್ಯೂಟರ್ ತಂದುಕೊಡ್ತೀವಿ. ಅದರಲ್ಲಿ ನಕ್ಷೆ ಬಿಡಿಸ್ಕೊಂಡು ಕೂತಿರಿ. ಬಾಗಿಲನ್ನ ಅದರ ಪಾಡಿಗೆ ಬಿಟ್ಟುಬಿಡಿ."

ತಂದುಕೊಡುವವನು ಅಳಿಯ. ಒಂದು ಗಲ್ಲಿಯ ಕೊನೆಯಲ್ಲಿ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಪುಟ್ಟ ಅಂಗಡಿ ಅವನದು. ಎರಡು ವರ್ಷದ ಹಿಂದೆ ಮಗಳು ತಾನಾಗಿಯೇ ಆರಿಸಿಕೊಂಡ ಗಂಡ. ನೆಟ್ಟಗಿಲ್ಲಪ್ಪನವರು ಮದುವೆಗೆ ಅಡ್ಡಿ ಮಾಡಿರಲಿಲ್ಲ. ಆದರೆ ಸ್ಕ್ರೂಡ್ರೈವರ್ ಹಿಡಿಯುವವನು ಎಂಬ ಮಾತು ಮನಸ್ಸಿನಲ್ಲಿ ಬೇರು ಬಿಟ್ಟಿತ್ತು. ಅವನನ್ನು ಅವರು ಯಾವತ್ತೂ ಏಕವಚನದಲ್ಲಿ ಕರೆದಿರಲಿಲ್ಲ. "ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ." ಆ ಬಹುವಚನ ಮರ್ಯಾದೆಯದಲ್ಲ, ನಡುವೆ ಹಾಕಿದ ಬೇಲಿ ಎಂಬುದು ಅಳಿಯನಿಗೂ ಗೊತ್ತಿತ್ತು.

ಈ ಕಂಪ್ಯೂಟರಿನ ಹಿಂದೆ ಇನ್ನೊಂದು ವಿಷಯವಿತ್ತು. ಹಳೆಯ ನಕ್ಷೆ ಕಚೇರಿಯಲ್ಲಿ ಮರದ ಬೋರ್ಡುಗಳನ್ನೆಲ್ಲ ತೆಗೆದು ಹದಿನಾಲ್ಕು ಕಂಪ್ಯೂಟರ್ ಹಾಕಿಸುವವರಿದ್ದರು. ಈಗ ಅಲ್ಲಿ ಮುಖ್ಯಸ್ಥನಾಗಿದ್ದವನು ಇವರ ಕೈಕೆಳಗೆ ಪಳಗಿದ ಶಿಷ್ಯ. ಅಳಿಯ ಹೋಗಿ ಕೇಳಿದಾಗ ಅವನು, "ಒಂದು ಮಿಷನ್ ನಮ್ಮ ಮೇಷ್ಟ್ರ ಮನೇಲಿ ಇಡಿ. ಅವರ ಕಣ್ಣು ಒಪ್ಪಿದ್ರೆ ನಾನು ಎರಡನೇ ಮಾತಿಲ್ಲದೆ ಸಹಿ ಹಾಕ್ತೀನಿ" ಎಂದಿದ್ದನಂತೆ. ಅಳಿಯ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತು ಆರು ತಿಂಗಳಾಗಿತ್ತು. ಈ ಆರ್ಡರ್ ಸಿಕ್ಕರೆ ಷಟರ್ ಮೇಲೇಳುತ್ತದೆ. ಸಿಗದಿದ್ದರೆ, ಜಗಳವಾಡಿ ಬಿಟ್ಟುಬಂದ ಹಳೆಯ ಮಾಲೀಕನ ಮುಂದೆ ಮತ್ತೆ ಕೈಕಟ್ಟಿ ನಿಲ್ಲಬೇಕು. ಎಲ್ಲ ನಿಂತಿದ್ದದ್ದು ಮಾವನ ಒಂದು ಮಾತಿನ ಮೇಲೆ.

ಭಾನುವಾರ ಬೆಳಿಗ್ಗೆ ಅಳಿಯ, ಮಗಳು ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಬಂದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಪರದೆ, ಕೀಲಿಮಣೆ, ಇಲಿಯಂಥ ಮೌಸು ಎಲ್ಲ ಕೂತವು. ಮೊದಲು ಹೆಸರು ಹಾಕಬೇಕು, ಆಮೇಲೆ ಪಾಸ್‌ವರ್ಡ್.

"ನನಗೆ ಹೇಳ್ಬೇಡಿ ಮಾವ, ನೀವೇ ಒತ್ತಿ" ಎಂದು ಅಳಿಯ ಮುಖ ಆ ಕಡೆ ತಿರುಗಿಸಿ ನಿಂತ.

ಅವರು ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಕೆಳಗೆ ಕೆಂಪಕ್ಷರದಲ್ಲಿ 'ದುರ್ಬಲ' ಎಂದು ಬಂತು.

"ಯಾರಿಗೆ ಹೇಳ್ತಿದೆ ಇದು?"

"ನಿಮಗಲ್ಲ ಮಾವ, ಪಾಸ್‌ವರ್ಡಿಗೆ. ಇನ್ನೂ ಸ್ವಲ್ಪ ಕಷ್ಟದ್ದು ಹಾಕಿ."

ಕಷ್ಟದ್ದು ಹಾಕಿದರು. ಅದು ಎಷ್ಟು ಕಷ್ಟದ್ದಾಯಿತೆಂದರೆ ಕಾಫಿ ಕುಡಿದು ಬರುವಷ್ಟರಲ್ಲಿ ಅವರಿಗೇ ಮರೆತುಹೋಗಿತ್ತು. ಮೂರು ಸಲ ತಪ್ಪು ಹೊಡೆದ ಮೇಲೆ ಕಂಪ್ಯೂಟರು ಸ್ವಲ್ಪ ಹೊತ್ತು ಕಾಯಲು ಹೇಳಿತು. "ನನ್ನ ಮನೇಲಿ ನಾನೇ ಬಾಗಿಲ ಹೊರಗೆ ನಿಲ್ಬೇಕಾ?" ಎಂದರು. ಮಗಳಿಗೆ ನಗು ತಡೆಯಲಾಗಲಿಲ್ಲ. ಅಳಿಯ ನಗಲಿಲ್ಲ. ಅವನು ಪರದೆಯ ಮೇಲಿನ ಪುಟ್ಟ ಕ್ಯಾಮೆರಾ ತೋರಿಸಿ, "ಮುಖ ತೋರಿಸಿದ್ರೆ ತಾನೇ ತೆರ್ಕೊಳ್ಳೋ ಹಾಗೆ ಮಾಡ್ತೀನಿ. ಏನೂ ನೆನಪಿಟ್ಕೊಳ್ಳೋದು ಬೇಡ. ಇಲ್ಲಿ ನೋಡಿ ಮಾವ, ಎರಡೂ ಕಣ್ಣು ತೆರೆದು" ಎಂದ.

"ತೆರೆದೇ ಇದೀನಲ್ಲ."

ತೆರೆದಿರಲಿಲ್ಲ. ಎಡಗಣ್ಣು ಬಿಗಿಯಾಗಿ ಮುಚ್ಚಿತ್ತು. ಮೂರು ಸಲ ಹೇಳಿ ನೋಡಿ, ನಾಲ್ಕನೆಯ ಸಲ ಹೇಳಿದರೆ ಮಾವ ರೇಗುತ್ತಾರೆಂದು ಅಳಿಯ ಆ ಒಕ್ಕಣ್ಣಿನ ಮುಖವನ್ನೇ ಕಂಪ್ಯೂಟರಿಗೆ ಪರಿಚಯ ಮಾಡಿಸಿದ. ಅದು ಒಪ್ಪಿಕೊಂಡಿತು. ಹೋಗುವಾಗ ದಾರಿಯಲ್ಲಿ ಇದನ್ನು ನೆನೆದು ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆದರೆ ಅದಕ್ಕೆ ಮೊದಲು ನಗು ಬಾರದ ಒಂದು ಸಂಗತಿ ನಡೆಯಿತು. ಅಳಿಯ ಒಂದು ಬಡಾವಣೆಯ ನಕ್ಷೆ ತೆರೆದು ತೋರಿಸಿದಾಗ ನೆಟ್ಟಗಿಲ್ಲಪ್ಪನವರು ಬಗ್ಗಿ, ಬಲಗಣ್ಣಲ್ಲಿ ಒಂದು ರಸ್ತೆಯ ಗುಂಟ ನೋಡಿ, ನೆಟ್ಟಗೆ ನಿಂತರು.

"ನಡುವೆ ಬಾಗಿದೆ."

"ಎಲ್ಲಿ ಮಾವ?"

"ಇಲ್ಲೇ. ನಟ್ಟ ನಡುವೆ. ನೀರಲ್ಲಿ ಅದ್ದಿದ ಕಡ್ಡಿ ಹಾಗೆ ಕಾಣ್ತಿದೆಯಲ್ಲ, ನಿಮಗೆ ಕಾಣಲ್ವಾ?"

ಅಳಿಯನಿಗೆ ಕಾಣಲಿಲ್ಲ. ಆದರೂ ಮಾವ ಹೇಳಿದ ಮೇಲೆ ಇರಬಹುದು ಎಂದುಕೊಂಡ. ಅವರ ಕಣ್ಣಿನ ಕಥೆಗಳನ್ನು ಹೆಂಡತಿಯಿಂದ ಕೇಳಿ ಕೇಳಿ ಅವನಿಗೂ ಅದರ ಮೇಲೆ ಭಯಭಕ್ತಿ. ರೆಸಲ್ಯೂಷನ್ ಬದಲಾಯಿಸಿದ. ಅಕ್ಷರ ದೊಡ್ಡದು ಮಾಡಿದ, ಚಿಕ್ಕದು ಮಾಡಿದ. ಬೆಳಕು ಇಳಿಸಿದ, ಬಣ್ಣವನ್ನು ಹಳದಿಯ ಕಡೆಗೆ ತಿರುಗಿಸಿದ, ಮೇಜನ್ನೇ ಕಿಟಕಿಯಿಂದ ಈಚೆಗೆ ಎಳೆದ. ಪ್ರತಿ ಸಲವೂ ಅದೇ ಉತ್ತರ.

ಮುಂದಿನ ವಾರ ಕೇಬಲ್ ಬದಲಾಯಿತು. ಅದರ ಮುಂದಿನ ವಾರ ಪರದೆ ಬದಲಾಯಿತು. ಮೂರನೆಯ ಪರದೆಯನ್ನು ಅಳಿಯ ಸೀಲು ಒಡೆಯದ ಪೆಟ್ಟಿಗೆಯಲ್ಲೇ ತಂದು ಮಾವನ ಕಣ್ಣೆದುರಿಗೇ ಬಿಚ್ಚಿದ. ಅದೂ ಬಾಗಿತ್ತು.

"ನಂಗೆ ನೆಟ್ಟಗೇ ಕಾಣುತ್ತಲ್ರೀ" ಎಂದಳು ಹೆಂಡತಿ.

"ನಿಂಗೆ ನೆಟ್ಟಗೆ ಕಾಣದೇ ಇರೋದು ಯಾವುದಿದೆ?"

"ಅಪ್ಪ, ನಂಗೂ ನೆಟ್ಟಗೇ ಕಾಣುತ್ತೆ. ಹಟ ಮಾಡ್ಬೇಡಿ" ಎಂದಳು ಮಗಳು.

"ಹಟ ಅಲ್ಲಮ್ಮ. ನೋಡೋದಕ್ಕೂ ಕಲಿತಿರಬೇಕು."

ಒಮ್ಮೆ, ಯಾರೂ ಇಲ್ಲದಾಗ, ತಮ್ಮ ಹಳೆಯ ಉಕ್ಕಿನ ಸ್ಕೇಲನ್ನು ತಂದು ಪರದೆಗೆ ಆನಿಸಿ ಹಿಡಿದಿದ್ದರು. ಸ್ಕೇಲೂ ನಡುವೆ ಬಾಗಿದಂತೆ ಕಂಡಿತು. ಪರದೆಯ ಬೆಳಕಿಗೆ ಹಾಗೆ ಕಾಣುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಸ್ಕೇಲನ್ನು ಡ್ರಾಯರಿನೊಳಗೆ ತಳ್ಳಿದರು. ಈ ವಿಷಯ ಯಾರಿಗೂ ಹೇಳಲಿಲ್ಲ.

ಆ ಸೋಮವಾರ ಶಿಷ್ಯ ಫೋನ್ ಮಾಡಿದ. "ಹೇಗಿದೆ ಸಾರ್, ನಿಮ್ಮ ಅಳಿಯಂದ್ರ ಮಿಷನ್?"

"ನಡುವೆ ಬಾಗುತ್ತಪ್ಪ. ಮೂರು ಪರದೆ ಇಟ್ಟು ನೋಡಿದ್ರು, ಮೂರೂ ಅಷ್ಟೇ. ಮಾಲೇ ಸರಿ ಇಲ್ವೋ, ಜೋಡಿಸೋದೇ ಸರಿ ಇಲ್ವೋ, ನಾನು ಹೇಳೋ ಹಾಗಿಲ್ಲ."

"ಛೆ. ನಾವು ಶುಕ್ರವಾರ ತೀರ್ಮಾನ ಮಾಡ್ಬೇಕು ಸಾರ್. ಅಷ್ಟರಲ್ಲಿ ಸರಿ ಹೋದ್ರೆ ಒಂದು ಮಾತು ಹೇಳಿ. ನೀವು ಹೇಳಿದ್ದೇ ಕೊನೆ."

ಫೋನ್ ಇಟ್ಟಾಗ ಅವರಿಗೆ ಸಂತೋಷವಾಗಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡು ವರ್ಷದಿಂದ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. ಈಗ ಒಬ್ಬ ಕೇಳಿದ್ದ, ನೀವು ಹೇಳಿದ್ದೇ ಕೊನೆ ಎಂದಿದ್ದ. ಹೇಳಿದ ಮಾತು ಅಳಿಯನ ಹೊಟ್ಟೆಯ ಮೇಲೆ ಬೀಳುತ್ತದೆ ಎಂಬುದು ಹೊಳೆಯದೆ ಇರಲಿಲ್ಲ. ಹೊಳೆದರೂ ಅದು ಅಷ್ಟೇನೂ ಚುಚ್ಚಲಿಲ್ಲ.

ಬುಧವಾರ ಬೆಳಿಗ್ಗೆ ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಯಿತು. ಉರಿ ತಡೆಯಲಾರದೆ ಟವೆಲನ್ನು ಆ ಕಣ್ಣಿಗೆ ಒತ್ತಿಕೊಂಡು ಹೊರಗೆ ಬಂದರು. ಪರದೆಯ ಮೇಲೆ ನಕ್ಷೆ ತೆರೆದೇ ಇತ್ತು. ಅಭ್ಯಾಸಬಲದಿಂದ ಆ ಕಡೆ ನೋಡಿದರು. ಗೆರೆ ನೆಟ್ಟಗಿತ್ತು.

ಅಲ್ಲೇ ನಿಂತರು. ಟವೆಲನ್ನು ಎಡಗಣ್ಣಿಗೆ ಸರಿಸಿದರು. ಗೆರೆ ಬಾಗಿತು, ಬಾಗಿದ ಕಡೆ ಮಸುಕಾಗಿ ಒಂದು ಕಲೆಯೂ ಇತ್ತು. ಮತ್ತೆ ಬಲಗಣ್ಣಿಗೆ ಸರಿಸಿದರು. ನೆಟ್ಟಗಾಯಿತು. ಹೋಗಿ ಮುಂಬಾಗಿಲಿನ ಚೌಕಟ್ಟು ನೋಡಿದರು. ಅದೂ ನೆಟ್ಟಗಿತ್ತು, ಕಟ್ಟಿದ ದಿನದಿಂದಲೂ ನೆಟ್ಟಗೇ ಇದ್ದಿರಬೇಕು. ಮೂವತ್ತಾರು ವರ್ಷ ಯಾವ ಕಣ್ಣನ್ನು ನಂಬಿ ಊರಿಗೆಲ್ಲ ತೀರ್ಪು ಕೊಟ್ಟರೋ ಆ ಕಣ್ಣೇ ಕೈಕೊಟ್ಟಿತ್ತು. ಚೆನ್ನಾಗಿದ್ದದ್ದು ಯಾವಾಗಲೂ ಮುಚ್ಚಿಟ್ಟಿದ್ದ ಕಣ್ಣು.

ಬಂದು ಕುರ್ಚಿಯಲ್ಲಿ ಕೂತರು. ಭಯವಾಯಿತು, ಆದರೆ ಭಯಕ್ಕಿಂತ ಮೊದಲು ನಾಚಿಕೆಯಾಯಿತು. ಇದು ಯಾವಾಗ ಶುರುವಾಗಿದ್ದು? ನಿವೃತ್ತಿಯ ಹಿಂದಿನ ತಿಂಗಳು ಒಬ್ಬ ಹೊಸ ಹುಡುಗಿಯ ಕೈಯಲ್ಲಿ ಒಂದೇ ನಕ್ಷೆಯನ್ನು ನಾಲ್ಕು ಸಲ ಬರೆಸಿದ್ದರು, ನಾಲ್ಕನೆಯ ಸಲ ಆ ಹುಡುಗಿ ಬಾತ್‌ರೂಮಿಗೆ ಹೋಗಿ ಅತ್ತು ಬಂದಿದ್ದಳು. ಆಗಲೇ ಇತ್ತೋ ಏನೋ. ಈಗ ಬಾಯಿ ಬಿಟ್ಟರೆ ಕಚೇರಿಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. ಬಡಗಿ ನಗುತ್ತಾನೆ. ಹೆಂಡತಿ ಅಳುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಸ್ಕ್ರೂಡ್ರೈವರಿನವನ ಮುಂದೆ ತಲೆ ತಗ್ಗಿಸಬೇಕು. ಹಾಗಾಗಿ ಯಾರಿಗೂ ಹೇಳದಿರುವುದೆಂದು ನಿರ್ಧರಿಸಿದರು. ಇನ್ನು ಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡುವುದು, ಅಷ್ಟೇ. ದಿನವಿಡೀ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು.

ಗುರುವಾರ ಕಂಪ್ಯೂಟರು ಅವರನ್ನು ಒಳಗೆ ಬಿಡಲಿಲ್ಲ. ಬಲಗಣ್ಣು ಮುಚ್ಚಿದ ಈ ಮುಖ ಯಾರದೋ ಅದಕ್ಕೆ ಗೊತ್ತಿರಲಿಲ್ಲ. 'ಗುರುತು ಸಿಗಲಿಲ್ಲ' ಎಂದಿತು. ಹತ್ತಿರ ಹೋದರು, ದೂರ ಸರಿದರು, ಕನ್ನಡಕ ತೆಗೆದರು. ಗುರುತು ಸಿಗಲಿಲ್ಲ. ಪಾಸ್‌ವರ್ಡು ಮೊದಲ ದಿನವೇ ಮರೆತಿತ್ತು. ತೊಂದರೆ ಯಾವುದೆಂದು ಅವರಿಗೆ ಹೊಳೆಯಲಿಲ್ಲ, ಕ್ಯಾಮೆರಾ ಕೆಟ್ಟಿದೆ ಎಂದುಕೊಂಡರು. ಹೆಂಡತಿ ಅವರನ್ನು ಕೇಳದೆಯೇ ಅಳಿಯನಿಗೆ ಫೋನ್ ಮಾಡಿಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಅವನು ಒಬ್ಬನೇ ಬಂದ. ಕಣ್ಣ ಕೆಳಗೆ ಕಪ್ಪಾಗಿತ್ತು. ತನ್ನ ಪಾಸ್‌ವರ್ಡಿನಿಂದ ಒಳಗೆ ಹೋಗಿ, "ಒಂದ್ಸಲ ಕ್ಯಾಮೆರಾ ನೋಡಿ ಮಾವ" ಎಂದ.

ಅವರು ನೋಡಿದರು. ಮೌಸಿನ ಮೇಲಿದ್ದ ಅಳಿಯನ ಕೈ ಹಾಗೇ ನಿಂತಿತು. ಒಂದು ತಿಂಗಳ ಹಿಂದೆ ಮುಚ್ಚಿದ್ದ ಕಣ್ಣು ಈಗ ತೆರೆದಿತ್ತು, ತೆರೆದಿದ್ದ ಕಣ್ಣು ಮುಚ್ಚಿತ್ತು. ಅವನು ಒಂದು ಖಾಲಿ ಬಿಳಿ ಪುಟ ತೆರೆದು, ಮೇಲಿಂದ ಕೆಳಕ್ಕೆ ಒಂದೇ ಒಂದು ಕಪ್ಪು ಗೆರೆ ಎಳೆದ.

"ಇದು ಹೇಗಿದೆ?"

"ನೆಟ್ಟಗಿದೆ."

"ಈಗ ಎಡಗಣ್ಣು ಮುಚ್ಚಿ ನೋಡಿ."

"ಯಾಕೆ?"

"ಸುಮ್ನೆ."

"ಬೇಡ" ಎಂದರು ನೆಟ್ಟಗಿಲ್ಲಪ್ಪನವರು.

ಆ ಒಂದು ಮಾತಿನಲ್ಲಿ ಎಲ್ಲ ಬಯಲಾಯಿತು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅಳಿಯ ದನಿ ತಗ್ಗಿಸಿದ.

"ಯಾವತ್ತು ಗೊತ್ತಾಯ್ತು ಮಾವ?"

"ಮೊನ್ನೆ."

ಅವನು ರೇಗುತ್ತಾನೆ ಎಂದುಕೊಂಡಿದ್ದರು. ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು, ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಅಳಿಯ ಕುರ್ಚಿ ಹತ್ತಿರ ಎಳೆದುಕೊಂಡ. "ಇವತ್ತೇ ಡಾಕ್ಟರಿಗೆ ತೋರಿಸಿ ಮಾವ. ತಡ ಮಾಡಿದ್ರೆ ಒಳ್ಳೇದಲ್ಲ. ನಿಮ್ಮ ಮಗಳಿಗೆ ನಾನು ಏನೂ ಹೇಳಲ್ಲ, ಅತ್ತೆಗೂ ಹೇಳಲ್ಲ. ನಿಮಗೆ ಬೇಕಾದಾಗ ನೀವೇ ಹೇಳಿ." ಆಮೇಲೆ, "ಆಫೀಸಿಗೆ ಮಾತ್ರ ಒಂದು ಫೋನ್ ಮಾಡಿಬಿಡಿ. ಕಣ್ಣಿನ ವಿಷಯ ಎತ್ತಲೇಬೇಡಿ. ಸೆಟಿಂಗ್ಸಲ್ಲಿ ಏನೋ ಇತ್ತು, ಸರಿ ಹೋಯ್ತು ಅಂದ್ರೆ ಸಾಕು" ಎಂದ.

ಇಷ್ಟು ಅಗ್ಗವಾಗಿ ಬಿಡುಗಡೆ ಸಿಗುತ್ತದೆಂದು ಅವರು ಎಣಿಸಿರಲಿಲ್ಲ. ಸುಳ್ಳನ್ನೂ ಅವನೇ ಹೊಂದಿಸಿಕೊಟ್ಟಿದ್ದ. ಆ ಒಳ್ಳೆಯತನ ಅವರಿಗೆ ಸಹಿಸಲಾಗಲಿಲ್ಲ. ಇನ್ನು ಜೀವಮಾನವಿಡೀ ಇವನ ಋಣದಲ್ಲಿ ಕೂರಬೇಕಲ್ಲ ಎನಿಸಿತು. ಆದರೂ ಫೋನ್ ಎತ್ತಿಕೊಂಡರು. ಹೇಳಿಬಿಡಬೇಕೆಂದೇ ಎತ್ತಿಕೊಂಡರು, ಅದರಲ್ಲಿ ಮೋಸವಿರಲಿಲ್ಲ.

"ಸರಿ ಹೋಯ್ತಪ್ಪ" ಎಂದರು.

"ಹೌದಾ ಸಾರ್? ಒಳ್ಳೇದಾಯ್ತು. ಏನಾಗಿತ್ತು?" ಶಿಷ್ಯನ ದನಿ ಗಟ್ಟಿಯಾಗಿ ಕೋಣೆಗೆಲ್ಲ ಕೇಳುತ್ತಿತ್ತು.

"ಸೆಟಿಂಗ್ಸಲ್ಲಿ ಇತ್ತು."

"ಯಾರು ಕಂಡುಹಿಡಿದ್ರು?"

ಅವರ ಕಣ್ಣು ಪಕ್ಕಕ್ಕೆ ಹೊರಳಿತು. ಅಳಿಯ ನೆಲ ನೋಡುತ್ತ ಕೂತಿದ್ದ. ಅವರೇ ಎನ್ನಬೇಕಿತ್ತು, ಅಷ್ಟೇ ಸಾಕಿತ್ತು. ಆದರೆ ಎರಡು ದಿನದಿಂದ ಒಳಗೆ ಕುದಿಯುತ್ತಿದ್ದ ನಾಚಿಕೆ ದಾರಿ ಹುಡುಕುತ್ತಿತ್ತು.

"ನಾನೇ" ಎಂದರು. "ನಾನೇ ಕೂತು ಸರಿ ಮಾಡಿದೆ. ಅವನ ಕೈಲಿ ಆಗ್ಲಿಲ್ಲ. ಒಂದು ತಿಂಗಳು ಪರದಾಡಿದ."

ಎರಡು ವರ್ಷದಲ್ಲಿ ಅಳಿಯನನ್ನು ಅವರು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಶಿಷ್ಯ ನಕ್ಕ. "ನಿಮ್ಮ ಕಣ್ಣು ಅಂದ್ರೆ ಕಣ್ಣು ಸಾರ್. ಆದ್ರೆ ಒಂದು ಮಿಷನ್ನಿನ ಸೆಟಿಂಗ್ಸ್ ಅವರಿಗೆ ಗೊತ್ತಾಗಲಿಲ್ಲ ಅಂದ್ಮೇಲೆ ನಮ್ಮ ಹದಿನಾಲ್ಕು ಮಿಷನ್ ಹೇಗೆ ನೋಡ್ಕೋತಾರೆ? ಬೇರೆಯವರಿಗೇ ಕೊಡ್ತೀವಿ. ತಪ್ಪು ತಿಳೀಬೇಡಿ. ನೀವು ಸಂಬಂಧ ನೋಡದೆ ಇದ್ದದ್ದು ಇದ್ದ ಹಾಗೆ ಹೇಳಿದ್ರಲ್ಲ, ಅದು ದೊಡ್ಡತನ."

ಆಗಲೂ ಹೊತ್ತು ಮೀರಿರಲಿಲ್ಲ. ಒಂದು ಮಾತು, ಅರ್ಧ ಮಾತು ಸಾಕಿತ್ತು. "ಹೂಂ" ಎಂದು ಫೋನ್ ಇಟ್ಟರು.

ಅಳಿಯ ಎದ್ದು ಮೇಜಿನ ಮುಂದೆ ನಿಂತ. ಹಳೆಯ ಮುಖವನ್ನು ಅಳಿಸಿ ಹಾಕಿ, ಬಲಗಣ್ಣು ಮುಚ್ಚಿದ ಹೊಸ ಮುಖವನ್ನು ಕಂಪ್ಯೂಟರಿಗೆ ಪರಿಚಯಿಸಿದ. ಅಕ್ಷರಗಳನ್ನು ಒಂದು ಅಳತೆ ದೊಡ್ಡದು ಮಾಡಿದ, ಬೆಳಕು ಸ್ವಲ್ಪ ತಗ್ಗಿಸಿದ. ಕೊನೆಗೆ ಬಳಕೆದಾರರ ಪಟ್ಟಿಯಿಂದ ತನ್ನ ಹೆಸರು ತೆಗೆದ. ಕೆಲಸದಲ್ಲಿ ಒಂದಿಷ್ಟೂ ಅವಸರವಿರಲಿಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ಎಲ್ಲಾ ನಿಮ್ಮ ಹೆಸರಿಗೇ ಇದೆ ಮಾವ. ಇನ್ನು ನಾನು ಬರೋ ಅಗತ್ಯ ಬೀಳಲ್ಲ."

ಅತ್ತೆ ಕಾಫಿ ಹಿಡಿದು ಬರುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಆಗಿತ್ತು. "ಇನ್ನೊಂದ್ಸಲ ಕುಡೀತೀನಿ ಅತ್ತೆ" ಎಂದು ಹೇಳಿ ಹೋದ. ನೆಟ್ಟಗಿಲ್ಲಪ್ಪನವರು ಕರೆಯಬೇಕೆಂದು ಬಾಯಿ ತೆರೆದರು. ಏನೆಂದು ಕರೆಯುವುದು ಎಂದು ಯೋಚಿಸುತ್ತಿರುವಾಗ ಅವನು ತಿರುವು ದಾಟಿದ್ದ.

ಡಾಕ್ಟರಿಗೆ ತೋರಿಸಿದ್ದು ಹತ್ತು ದಿನ ಕಳೆದ ಮೇಲೆ. ಮೊದಲೇ ಬಂದಿದ್ದರೆ ಸ್ವಲ್ಪ ಉಳಿಸಬಹುದಿತ್ತು, ಈಗ ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು ಎಂದರು. ಹೆಂಡತಿಗೆ ಇವರು ವಯಸ್ಸಿನ ಪೊರೆ ಎಂದು ಹೇಳಿದರು. ಅವಳು ನಂಬಿದಳು.

ಅದರ ಮುಂದಿನ ಭಾನುವಾರ ಮಗಳ ಫೋನ್ ಬಂತು. ಅವರು ಕಂಪ್ಯೂಟರಿನ ಮುಂದೆಯೇ ಕೂತಿದ್ದರು.

"ಅಪ್ಪ, ಕಂಪ್ಯೂಟರ್ ನೀವೇ ಸರಿ ಮಾಡಿದ್ರಂತೆ? ಇವರು ಹೇಳಿದ್ರು. ಮಾವನ ಹತ್ರ ಕಲಿಯೋದು ತುಂಬಾ ಇದೆ ಅಂದ್ರು."

"ಹೂಂನಮ್ಮ."

"ಇವರು ಷಟರ್ ಎಳೆದುಬಿಟ್ರು ಅಪ್ಪ. ನಾಳೆಯಿಂದ ಹಳೇ ಮಾಲೀಕರ ಹತ್ರಾನೇ ಕೆಲಸಕ್ಕೆ ಹೋಗ್ತಾರೆ." ಅವಳ ದನಿ ಸ್ವಲ್ಪ ಒಡೆಯಿತು, ತಾನೇ ಸರಿಮಾಡಿಕೊಂಡಳು. "ಆ ಆರ್ಡರ್ ಯಾಕೆ ಕೈತಪ್ಪಿತು ಅಂದ್ರೆ ಬಾಯೇ ಬಿಡಲ್ಲ. ಒಂದು ಕೇಳ್ಲಾ ಅಪ್ಪ? ನೀವು ಆಫೀಸಿಗೆ ಇವರ ಬಗ್ಗೆ ಒಂದು ಮಾತು ಹೇಳಿದ್ರಾ?"

"ಹೇಳಿದೆನಮ್ಮ" ಎಂದರು ಅವರು. "ಆ ಶುಕ್ರವಾರಾನೇ ಹೇಳಿದೆ."

"ನಂಗೆ ಗೊತ್ತಿತ್ತು" ಎಂದಳು ಮಗಳು. "ಅಪ್ಪ ಹೇಳೇ ಹೇಳಿರ್ತಾರೆ ಅಂತ ನಾನು ಇವರಿಗೆ ದಿನಾ ಹೇಳ್ತಾನೇ ಇದೀನಿ. ಇವರು ಸುಮ್ನೆ ಹೂಂ ಅಂತಾರೆ."